ಮುಂದಿನ ತಂತ್ರಜ್ಞಾನ ಮನುಷ್ಯನ ದುರಾಸೆಯನ್ನು ಗೆಲ್ಲುತ್ತದೆಯೇ? ವೈಟ್‌ಫೀಲ್ಡ್‌ನ ಬೋರ್‌ವೆಲ್ ಕೊಡುವ ಉತ್ತರ

ವಿಜ್ಞಾನ ಇನ್ನೊಂದು ಐವತ್ತು ವರ್ಷ ಹೀಗೇ ಬೆಳೆದರೆ ಯಾರಿಗೂ ಯಾವುದರ ಕೊರತೆಯೂ ಇರುವುದಿಲ್ಲ, ಕೊರತೆಯೇ ಇಲ್ಲದ ಮೇಲೆ ದುರಾಸೆಗೂ ಜಾಗವಿರುವುದಿಲ್ಲ ಎಂಬ ಮಾತನ್ನು ನಾವೆಲ್ಲ ಒಂದಲ್ಲ ಒಂದು ಕಡೆ ಕೇಳಿದ್ದೇವೆ. ಸೌರಶಕ್ತಿ, ರೋಬಾಟ್, ಕೃತಕ ಬುದ್ಧಿಮತ್ತೆ ಎಲ್ಲವೂ ಸೇರಿ ಭೂಮಿಯ ಮೇಲೆ ರಾಮರಾಜ್ಯವನ್ನು ತರುತ್ತವಂತೆ. ಇದು ನಿಜವೇ?

ಇದನ್ನು ಪರೀಕ್ಷಿಸಲು ಐವತ್ತು ವರ್ಷ ಕಾಯಬೇಕಿಲ್ಲ. ನಾಳೆಯ ತಂತ್ರಜ್ಞಾನವನ್ನು ಇಂದೇ ಬರೆಯುವ ಜನ ವಾಸಿಸುವ ಜಾಗ ನಮ್ಮ ಪಕ್ಕದಲ್ಲೇ ಇದೆ: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಹೊರವಲಯದ ಅದೆಷ್ಟೋ ಮನೆಗಳು ನೀರಿನ ಟ್ಯಾಂಕರ್‌ಗಾಗಿ ಕಾಯುತ್ತಿದ್ದವು. ನಗರದ ಸುಮಾರು 14 ಸಾವಿರ ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರ್ ದರ ಮಿತಿಮೀರಿದ್ದರಿಂದ ಜಿಲ್ಲಾಡಳಿತ ಅದಕ್ಕೆ ಕಡಿವಾಣ ಹಾಕಿತು. 5 ಕಿ.ಮೀ. ಒಳಗೆ 12,000 ಲೀಟರ್‌ನ ಟ್ಯಾಂಕರ್‌ಗೆ 1,000 ರೂಪಾಯಿ ನಿಗದಿಯಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು.

ಅಲ್ಲಿ ತಂತ್ರಜ್ಞಾನಕ್ಕೆ ಕೊರತೆ ಇರಲಿಲ್ಲ. ಹಾಗಾದರೆ ಕೊರತೆ ಯಾವುದಕ್ಕಿತ್ತು?

ಬೋರ್‌ವೆಲ್ ಏನು ಮಾಡಿತು?

ಬೆಂಗಳೂರು ನಿಂತಿರುವುದು ಗಟ್ಟಿ ಕಲ್ಲಿನ ಮೇಲೆ. ಮೇಲ್ಭಾಗದ ಶಿಥಿಲ ಪದರ ಸ್ಪಂಜಿನಂತೆ ಮಳೆನೀರನ್ನು ಹಿಡಿದಿಡುತ್ತದೆ. ಹಿಂದಿನ ತೆರೆದ ಬಾವಿಗಳು ಈ ಪದರದ ನೀರನ್ನೇ ಬಳಸುತ್ತಿದ್ದವು. ಅದರ ಕೆಳಗಿನ ಬಂಡೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಂತೆ ಬಿರುಕುಗಳು ವಿರಳವಾಗುತ್ತವೆ, ಅವು ಮತ್ತೆ ತುಂಬಿಕೊಳ್ಳಲು ಬಹಳ ಕಾಲ ಬೇಕಾಗುತ್ತದೆ.

ಕೈಯಲ್ಲಿ ತೋಡುವ ಕಾಲದಲ್ಲಿ ಬಂಡೆಯೇ ಒಂದು ಮಿತಿಯಾಗಿತ್ತು. ತಿರುಚೆಂಗೋಡಿನಿಂದ ಬರುವ ರಿಗ್ ಲಾರಿಗಳು ಆ ಮಿತಿಯನ್ನು ತೆಗೆದುಹಾಕಿದವು. ಈಗ ಸಾವಿರ ಅಡಿ ಕೊರೆಯುವುದು ಒಂದೆರಡು ದಿನದ ಕೆಲಸ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆಳಕ್ಕೆ ಕೊರೆಸಿದವರೆಲ್ಲ ದುರಾಸೆಯವರಲ್ಲ. ಪಕ್ಕದ ಲೇಔಟ್‌ನವರು 800 ಅಡಿಗೆ ಹೋದರೆ ನಮ್ಮ 600 ಅಡಿಯ ಬೋರ್‌ವೆಲ್ ಬತ್ತಬಹುದು. ಆಗ ನಾವು 1,000 ಅಡಿಗೆ ಇಳಿಯುತ್ತೇವೆ. ನಾವು ಸುಮ್ಮನಿದ್ದರೂ ನೀರು ಉಳಿಯುವುದಿಲ್ಲ, ಪಕ್ಕದವರ ಪಾಲಾಗುತ್ತದೆ ಅಷ್ಟೆ. ದುರಾಸೆ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಈ ಭಯವೇ. ಯಂತ್ರ ಆ ಭಯವನ್ನು ಕಡಿಮೆ ಮಾಡಲಿಲ್ಲ, ಸ್ಪರ್ಧೆಯನ್ನು ಇನ್ನಷ್ಟು ಆಳಕ್ಕೆ ಒಯ್ದಿತು.

ಉಳಿತಾಯದ ತಂತ್ರಜ್ಞಾನ ಇದೆಯಲ್ಲ?

ಇದೆ. 2024ರಲ್ಲಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯವಾಯಿತು. ನೀರಿನ ಜೊತೆ ಗಾಳಿ ಬೆರೆಸುವ ಈ ಪುಟ್ಟ ಸಾಧನ ನಿಜಕ್ಕೂ ನೀರು ಉಳಿಸುತ್ತದೆ. ಆದರೆ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅದು ನಿರ್ಧರಿಸುವುದಿಲ್ಲ. ಉಳಿದ ನೀರನ್ನೇ ನಂಬಿ ಪಕ್ಕದಲ್ಲಿ ಇನ್ನೊಂದು ಗೋಪುರ ಎದ್ದರೆ ಅಂತರ್ಜಲಕ್ಕೆ ಲಾಭವೇನೂ ಇಲ್ಲ.

ಇದು ಹಳೆಯ ಒಗಟು. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್, ಕಡಿಮೆ ಕಲ್ಲಿದ್ದಲು ಸುಡುವ ಉಗಿಯಂತ್ರಗಳು ಬಂದ ಮೇಲೆ ಒಟ್ಟು ಕಲ್ಲಿದ್ದಲು ಬಳಕೆ ಹೆಚ್ಚಿತೇ ಹೊರತು ಇಳಿಯಲಿಲ್ಲ ಎಂದು ತೋರಿಸಿದ. ಕೆಲಸ ಅಗ್ಗವಾದಾಗ ಅದನ್ನು ಹೆಚ್ಚು ಮಾಡುತ್ತೇವೆ. ಹನಿ ನೀರಾವರಿಯ ಬಗ್ಗೆಯೂ 2018ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನವೊಂದು ಇದೇ ಎಚ್ಚರಿಕೆ ಕೊಟ್ಟಿತು: ಬಳಕೆಗೆ ಮಿತಿ ಹಾಕದೆ ದಕ್ಷತೆಯನ್ನಷ್ಟೇ ಹೆಚ್ಚಿಸಿದರೆ ಒಟ್ಟು ನೀರಿನ ಬಳಕೆ ತಗ್ಗುವುದು ಅಪರೂಪ.

ನೀರು ಹೇರಳವಾಗಿ ಬಂದರೆ?

2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಇದು. ಸುಮಾರು 100 ಕಿ.ಮೀ. ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ನೀರು ಏರಿ ಬರುತ್ತದೆ. ದೊಡ್ಡ ಸಾಧನೆಯೇ. ಆದರೆ ಮನೆಯೊಳಗೆ ಬಂದ ನೀರಿನ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರ್‌ಗಳ ಸಾಮಾನ್ಯ ಲೆಕ್ಕ. ಸಂಸ್ಕರಿಸದೆ ಬಿಟ್ಟ ಕೊಳಚೆ, ಡಿಟರ್ಜೆಂಟ್‌ಗಳು ಸೇರಿ ವರ್ತೂರು ಮತ್ತು ಬೆಳ್ಳಂದೂರು ಕೆರೆಗಳು ನೊರೆ ಕಾರಿದ್ದನ್ನು, 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿದ್ದನ್ನು ನಾವು ನೋಡಿದ್ದೇವೆ. ಹೇರಳತೆ ಒಂದು ಕೊರತೆಯನ್ನು ನೀಗಿಸಿ, ಅದರ ಜಾಗದಲ್ಲಿ ಇನ್ನೊಂದು ಹೊಣೆಯನ್ನು ತಂದಿಡುತ್ತದೆ.

ಪೀಣ್ಯದ ಕಥೆಯೂ ಇದೇ. ಲೋಹಕ್ಕೆ ಲೇಪನ ಮಾಡುವ ಕಾರ್ಖಾನೆಗಳ ತ್ಯಾಜ್ಯದಲ್ಲಿ ವಿಷಕಾರಿ ಕ್ರೋಮಿಯಂ ಇರುತ್ತದೆ. ಅಲ್ಲಿನ ಅಂತರ್ಜಲದಲ್ಲೂ ಅದು ಪತ್ತೆಯಾಗಿದೆ. ಈ ತ್ಯಾಜ್ಯವನ್ನು ಸಂಸ್ಕರಿಸಲು ಭವಿಷ್ಯದ ವಿಜ್ಞಾನವೇನೂ ಬೇಕಿಲ್ಲ. ಒಂದು ರಾಸಾಯನಿಕ ಬೆರೆಸಿ ಕ್ರೋಮಿಯಂ ಅನ್ನು ಕಡಿಮೆ ಅಪಾಯದ ರೂಪಕ್ಕೆ ತಂದು, ಸುಣ್ಣ ಹಾಕಿ ತಳಕ್ಕಿಳಿಸುವ ವಿಧಾನ ದಶಕಗಳಷ್ಟು ಹಳೆಯದು. ಸಂಸ್ಕರಣೆಗೆ ಖರ್ಚಿದೆ, ಚರಂಡಿಗೆ ಬಿಡಲು ಖರ್ಚಿಲ್ಲ. ಸಮಸ್ಯೆ ಇರುವುದು ಈ ಅಂತರದಲ್ಲಿ.

ತೂಬು ಮತ್ತು ನೀರುಗಂಟಿ

ಇದೇ ನೆಲದ ಹಳೆಯ ಕೆರೆಗಳು ಈ ಸಮಸ್ಯೆಯನ್ನು ಹೇಗೆ ನಿಭಾಯಿಸಿದ್ದವು? ಕೆರೆಗೆ ಎರಡು ಭಾಗಗಳಿದ್ದವು ಎನ್ನಬಹುದು. ಒಂದು ತಂತ್ರಜ್ಞಾನ: ಏರಿ, ಕೋಡಿ, ತೂಬು. ಇನ್ನೊಂದು ಮನುಷ್ಯ: ನೀರುಗಂಟಿ. ತೂಬನ್ನು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಊರಿನ ಕಟ್ಟಳೆಯಂತೆ ಅವನು ನೋಡಿಕೊಳ್ಳುತ್ತಿದ್ದ. ಮಳೆ ಕಡಿಮೆಯಾದ ವರ್ಷ ಎಲ್ಲರ ಪಾಲೂ ತಗ್ಗುತ್ತಿತ್ತು. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯ ಕೊಡುತ್ತಿದ್ದರು.

ಅದೂ ರಾಮರಾಜ್ಯವಾಗಿರಲಿಲ್ಲ. ನೀರು ಹಂಚುವ ನೀರುಗಂಟಿ ಅನೇಕ ಊರುಗಳಲ್ಲಿ ದಲಿತ ಸಮುದಾಯದವನು, ಅವನು ಕಾಯುತ್ತಿದ್ದ ಗದ್ದೆಗಳು ಬಹುಪಾಲು ಬೇರೆಯವರವು. ಆದರೂ ಅಲ್ಲೊಂದು ಮಾತು ಸ್ಪಷ್ಟವಿತ್ತು: ನೀರು ಬಿಡುವ ಸಾಧನ ಇದ್ದಲ್ಲಿ ಅದನ್ನು ನಿಲ್ಲಿಸುವ ಅಧಿಕಾರವೂ ಇರಬೇಕು. ಬೋರ್‌ವೆಲ್ ನೀರುಗಂಟಿಯಿಲ್ಲದ ತೂಬು.

ದುರಾಸೆಯಿಂದ ಸಾರ್ವಜನಿಕ ಸಂಪತ್ತು ನಾಶವಾಗಲೇಬೇಕೆಂದಿಲ್ಲ ಎಂದು ತೋರಿಸಿದವರು 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್. ಸ್ಪೇನ್, ಫಿಲಿಪ್ಪೀನ್ಸ್ ಮುಂತಾದೆಡೆಯ ನೀರಾವರಿ ವ್ಯವಸ್ಥೆಗಳು ನೂರಾರು ವರ್ಷ ಬಾಳಿದ್ದರ ಗುಟ್ಟನ್ನು ಅವರು ಅಧ್ಯಯನ ಮಾಡಿದರು. ಯಾರ ಹಕ್ಕು ಎಷ್ಟು ಎಂಬ ಸ್ಪಷ್ಟತೆ, ಬಳಸುವವರೇ ಮಾಡಿಕೊಂಡ ನಿಯಮ, ಕಣ್ಣಿಡುವ ಜನ, ತಪ್ಪಿಗೆ ತಕ್ಕ ದಂಡ. ಅಲ್ಲಿನ ಜನರೂ ನಮ್ಮಂತೆಯೇ ಆಸೆಯುಳ್ಳವರು.

ಹಾಗಾದರೆ ತಂತ್ರಜ್ಞಾನ ಪ್ರಯೋಜನವಿಲ್ಲವೇ?

ಹಾಗಲ್ಲ. ಓಝೋನ್ ಪದರದ ವಿಷಯದಲ್ಲಿ ಬದಲಿ ಅನಿಲಗಳ ತಂತ್ರಜ್ಞಾನ ಮತ್ತು 1987ರ ಮಾಂಟ್ರಿಯಲ್ ಒಪ್ಪಂದ ಜೊತೆಯಾಗಿ ಕೆಲಸ ಮಾಡಿದವು. ಅಪಾರ್ಟ್‌ಮೆಂಟ್‌ಗಳಲ್ಲೂ ಅಷ್ಟೇ. ನೀರಿನ ಖರ್ಚು ಎಲ್ಲರ ಮೇಂಟೆನೆನ್ಸ್‌ನಲ್ಲಿ ಸಮನಾಗಿ ಸೇರಿಹೋದರೆ ಉಳಿಸಿದವನಿಗೂ ಚೆಲ್ಲಿದವನಿಗೂ ಒಂದೇ ಬಿಲ್. ಮನೆಮನೆಗೆ ಮೀಟರ್ ಹಾಕಿ, ಬಳಸಿದಷ್ಟಕ್ಕೆ ಹಣ ಎಂದು ಸಂಘದ ಸಭೆ ತೀರ್ಮಾನಿಸಿದಲ್ಲಿ ಬಳಕೆ ಇಳಿದಿದೆ. ಮೀಟರ್ ತಂತ್ರಜ್ಞಾನ, ಸಭೆಯ ತೀರ್ಮಾನ ನಿಯಮ. ಒಂದಿಲ್ಲದೆ ಇನ್ನೊಂದು ನಡೆಯದು.

ಕರ್ನಾಟಕದಲ್ಲಿ ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆ ಇದೆ, ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ. ಆದರೂ ಸಂಗ್ರಹ ವ್ಯವಸ್ಥೆ ಮಾಡದೆ ದಂಡ ಕಟ್ಟಿಕೊಂಡೇ ಇರುವ ಮನೆಗಳಿವೆ. ಕಾಯ್ದೆ ಬರೆದರೆ ಸಾಲದು, ಕಣ್ಣಿಡುವವರು ಬೇಕು.

ಥಾಮಸ್ ಮೋರ್ 1516ರಲ್ಲಿ ತನ್ನ ಆದರ್ಶ ರಾಜ್ಯಕ್ಕೆ ಕೊಟ್ಟ 'ಯುಟೋಪಿಯಾ' ಎಂಬ ಹೆಸರಿಗೆ ಗ್ರೀಕ್ ಮೂಲದಲ್ಲಿ 'ಇಲ್ಲದ ಊರು' ಎಂಬ ಅರ್ಥವಿದೆ. ಆ ಊರಿಗೆ ಕರೆದೊಯ್ಯುವ ಯಂತ್ರ ಬರಲಾರದು. ಆದರೆ ನಾವಿರುವ ಊರನ್ನು ಬಾಳಲು ಯೋಗ್ಯ ಮಾಡಿಕೊಳ್ಳಬಹುದು. ಮುಂದಿನ ಸಲ ನಿಮ್ಮ ಲೇಔಟ್‌ನ ಸಭೆಯಲ್ಲಿ ಇನ್ನೊಂದು ಬೋರ್‌ವೆಲ್ ಕೊರೆಸುವ ಮಾತು ಬಂದಾಗ, ಎಷ್ಟು ಅಡಿ ಎಂದು ಕೇಳುವ ಮೊದಲು ಇದನ್ನು ಕೇಳಿ: ಇದಕ್ಕೆ ನೀರುಗಂಟಿ ಯಾರು?