ಲೋಹಕ್ಕೆ ರಕ್ಷೆ, ನೀರಿಗೆ ವಿಷ: ಕ್ರೋಮಿಯಂಗೆ ಪರ್ಯಾಯದ ಹೊರೆ ಯಾರ ಮೇಲೆ?

ವಿಮಾನದ ಬಿಡಿಭಾಗಗಳ ರಕ್ಷಣೆಗೆ ಸುಮಾರು ನೂರು ವರ್ಷಗಳಿಂದ ಬಳಕೆಯಲ್ಲಿರುವ ಕ್ರೋಮಿಕ್ ಆಮ್ಲಕ್ಕೆ ಜಗತ್ತಿನ ಹಲವೆಡೆ ಬಾಗಿಲು ಮುಚ್ಚುತ್ತಿದೆ. ಐರೋಪ್ಯ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ಕ್ರೋಮಿಯಂ ಟ್ರೈಆಕ್ಸೈಡ್ ಬಳಕೆಗೆ ವಿಶೇಷ ಅನುಮತಿ ಕಡ್ಡಾಯ. ಅಮೆರಿಕದ ಕ್ಯಾಲಿಫೋರ್ನಿಯಾ 2023ರಲ್ಲಿ ಅಂಗೀಕರಿಸಿದ ನಿಯಮವು ಕ್ರೋಮಿಕ್ ಆಮ್ಲದ ಆನೋಡೈಸಿಂಗ್‌ಗೆ 2039ರ ಗಡುವು ವಿಧಿಸಿದೆ.

ಅಲ್ಯೂಮಿನಿಯಂ ಮೇಲೆ ಗಾಳಿಯಿಂದ ತಾನಾಗಿಯೇ ಮೂಡುವ ಆಕ್ಸೈಡ್ ಪದರ ಕೆಲವೇ ನ್ಯಾನೊಮೀಟರ್ ದಪ್ಪದ್ದು. ಲೋಹವನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಆ ಪದರ ಬೆಳೆದು ಕವಚವಾಗುತ್ತದೆ. ಬ್ರಿಟನ್ನಿನಲ್ಲಿ 1923ರಲ್ಲಿ ಸಮುದ್ರ ವಿಮಾನಗಳ ಭಾಗಗಳಿಗಾಗಿ ಬಳಕೆಗೆ ಬಂದ ವಿಧಾನವಿದು. ಕವಚ ನಿರಪಾಯಕಾರಿ, ಅಪಾಯವಿರುವುದು ತೊಟ್ಟಿಯಲ್ಲಿ. ಅದರಲ್ಲಿನ ಹೆಕ್ಸಾವೇಲೆಂಟ್ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ದೃಢಪಟ್ಟಿದೆ.

ಪರ್ಯಾಯಗಳು ಇಲ್ಲವೆಂದಲ್ಲ. ಏರ್‌ಬಸ್ ಸಂಸ್ಥೆ ಟಾರ್ಟಾರಿಕ್-ಸಲ್ಫ್ಯೂರಿಕ್ ಆಮ್ಲದ ವಿಧಾನವನ್ನು ಅಳವಡಿಸಿಕೊಂಡಿದೆ. ಕ್ಷಾರೀಯ ದ್ರಾವಣದಲ್ಲಿ ನೂರಾರು ವೋಲ್ಟ್ ಹರಿಸಿ, ಸೂಕ್ಷ್ಮ ಕಿಡಿಗಳ ಮೂಲಕ ಪಿಂಗಾಣಿಯಂಥ ಗಡಸು ಪದರ ಬೆಳೆಸುವ 'ಮೈಕ್ರೊ ಆರ್ಕ್ ಆಕ್ಸಿಡೇಷನ್' ತಂತ್ರಜ್ಞಾನವನ್ನು ಹೈದರಾಬಾದಿನ ಎಆರ್‌ಸಿಐ ಅಭಿವೃದ್ಧಿಪಡಿಸಿದೆ. ಸವೆತ ತಡೆಯುವಲ್ಲಿ ಇದು ಸಮರ್ಥವಾದರೂ ವಿದ್ಯುತ್ ವೆಚ್ಚ ಹೆಚ್ಚು. ದಪ್ಪ, ಗಡಸು ಪದರವು ಲೋಹದ ದಣಿವು ತಾಳುವ ಶಕ್ತಿಯನ್ನು ಕುಗ್ಗಿಸಬಹುದು. ಕ್ರೋಮಿಕ್ ಆಮ್ಲದ ತೆಳು ಪದರದಲ್ಲಿ ಈ ತೊಂದರೆ ಕಡಿಮೆ ಎಂಬುದೇ ವಿಮಾನ ತಯಾರಕರು ಅದನ್ನು ಸುಲಭವಾಗಿ ಬಿಡದಿರಲು ಕಾರಣ.

ಕರ್ನಾಟಕಕ್ಕೆ ಇದು ದೂರದ ಸಂಗತಿಯಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದನ್ನು ಅಧ್ಯಯನಗಳು ತೋರಿಸಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಕ್ರೋಮಿಯಂ ಮಾತ್ರ ಇರಬಹುದೆಂಬುದು ಭಾರತೀಯ ಮಾನಕ. ಇಲ್ಲಿ ಮುಖ್ಯ ಆಕ್ಷೇಪವಿರುವುದು ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಮೇಲೆ. ಆನೋಡೈಸಿಂಗ್ ಒಂದನ್ನೇ ದೂರುವಂತಿಲ್ಲ. ಆದರೆ ವಿಷ ಮಾತ್ರ ಅದೇ.

ಜಾಬ್‌ವರ್ಕ್ ಮಾಡುವ ಸಣ್ಣ ಘಟಕದ ಮಾಲೀಕ ತೊಟ್ಟಿಯ ದ್ರಾವಣವನ್ನು ತಾನಾಗಿ ಬದಲಿಸುವಂತಿಲ್ಲ. ಯಾವ ವಿಧಾನದಲ್ಲಿ ಲೇಪನವಾಗಬೇಕೆಂದು ನಿರ್ಧರಿಸುವುದು ಬಿಡಿಭಾಗ ಕೊಳ್ಳುವ ಕಂಪನಿ. ಹೊಸ ವಿಧಾನಕ್ಕೆ ಮರುಪರೀಕ್ಷೆ, ಮರುಮಾನ್ಯತೆ ಬೇಕು. ಅದರ ಖರ್ಚನ್ನು ಸಣ್ಣ ಘಟಕ ಭರಿಸಲಾರದು. ತ್ಯಾಜ್ಯ ನೀರಿನ ತಪಾಸಣೆ, ದಂಡ ಅಗತ್ಯವೇ. ಆದರೆ ಅಷ್ಟರಿಂದಲೇ ತೊಟ್ಟಿ ಬದಲಾಗದು. ಕೊಳ್ಳುವ ಕಂಪನಿಗಳು ನಿರ್ದಿಷ್ಟತೆಯನ್ನು ತಿದ್ದಬೇಕು, ಮರುಮಾನ್ಯತೆಯ ವೆಚ್ಚದಲ್ಲಿ ಪಾಲು ಹೊರಬೇಕು. ಸರ್ಕಾರ ಸಾಮೂಹಿಕ ಪರೀಕ್ಷಾ ಸೌಲಭ್ಯ ಒದಗಿಸಬೇಕು. ಇಲ್ಲವಾದರೆ ಲೋಹ ಸುರಕ್ಷಿತವಾಗಿರುತ್ತದೆ, ಬೆಲೆ ತೆರುವುದು ಕೊಳವೆಬಾವಿಯ ನೀರು ಕುಡಿಯುವವರು.