ದೇವದತ್ತನ ಸೌಜನ್ಯವನ್ನೂ ವಿಚಾರಣೆಗೆ ನಿಲ್ಲಿಸಿ

ಗಿರೀಶ ಕಾರ್ನಾಡರ ‘ಹಯವದನ’ (1971) ನೋಡಿ ಬಂದವರು ದುರಂತದ ಹೊಣೆಯನ್ನೆಲ್ಲ ನಾಯಕಿ ಪದ್ಮಿನಿಯ ಚಂಚಲ ಮನಸ್ಸಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದೇ ಹೆಚ್ಚು. ನಾಟಕ ಹಾಗೆ ಹೇಳುವುದಿಲ್ಲ. ಉಜ್ಜಯಿನಿಯ ದಾರಿಯಲ್ಲಿ ಗಂಡನ ಗೆಳೆಯ ಕಪಿಲ ಹೂವಿಗಾಗಿ ಮರ ಹತ್ತುವಾಗ ಪದ್ಮಿನಿಯ ಕಣ್ಣು ಅವನ ಮೈಕಟ್ಟಿನ ಮೇಲೆ. ದೇವದತ್ತನ ಕಣ್ಣು ಹೆಂಡತಿಯ ಮುಖದ ಮೇಲೆ. ಅವನಿಗೆ ಎಲ್ಲವೂ ಗೊತ್ತಾಗುತ್ತದೆ. ಆದರೂ ಜಗಳವಿಲ್ಲ, ಒಂದು ಪ್ರಶ್ನೆಯೂ ಇಲ್ಲ. ನೀವಿಬ್ಬರೂ ರುದ್ರನ ಗುಡಿ ನೋಡಿ ಬನ್ನಿ ಎಂದು ಕಳಿಸಿ, ತಾನು ಕಾಳಿಯ ಗುಡಿಗೆ ಹೋಗಿ ತಲೆ ಕಡಿದುಕೊಳ್ಳುತ್ತಾನೆ. ಆ ಸೌಜನ್ಯ ನನಗಂತೂ ಪದ್ಮಿನಿಯ ಆಸೆಗಿಂತ ಕ್ರೂರವಾಗಿ ಕಾಣುತ್ತದೆ. ಕಪಿಲನೂ ಹಾಗೇ ತಲೆ ಕಡಿದುಕೊಂಡು, ಪದ್ಮಿನಿಯ ಕೈಯಲ್ಲಿ ತಲೆಗಳು ಅದಲುಬದಲಾಗಿ ಇಬ್ಬರೂ ಬದುಕಿದ ಮೇಲೂ ಇದೇ ರೂಢಿ: ಪಕ್ಕದಲ್ಲಿ ಮಲಗಿದವಳ ಕನಸಿಗೆ ಯಾರು ಬರುತ್ತಾರೆಂಬುದನ್ನು ಆಡಿಕೊಳ್ಳುವುದು ಮನೆಯ ಗೊಂಬೆಗಳು, ಗಂಡಹೆಂಡಿರಲ್ಲ.

ಬಾಯಿಬಿಟ್ಟು ಹೇಳಿದ್ದರೆ ತಾನೇ ಏನಾಗುತ್ತಿತ್ತು, ಕೊನೆಗೆ ಕಾಡಿನಲ್ಲಿ ಗೆಳೆಯರಿಬ್ಬರೂ ಮುಚ್ಚುಮರೆಯಿಲ್ಲದೆ ಮಾತಾಡಿಯೂ ಕತ್ತಿ ಹಿರಿಯಲಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಮಾತು ನಡೆದದ್ದು ಇಬ್ಬರು ಗಂಡಸರ ನಡುವೆ. ಪದ್ಮಿನಿ ಅಲ್ಲೇ ಇದ್ದಳು, ಬಾಯಿ ಬಿಡಲಿಲ್ಲ. ಇಬ್ಬರೊಂದಿಗೂ ಬಾಳಲು ತಾನು ಹೂಂ ಅಂದಿದ್ದರೆ ಇಬ್ಬರೂ ಬದುಕುತ್ತಿದ್ದರೇನೋ ಎಂದು ಹೆಣಗಳ ಮುಂದೆ ಅವಳೇ ಒಪ್ಪಿಕೊಳ್ಳುತ್ತಾಳೆ. ಇಷ್ಟಾದ ಮೇಲೂ ದೇವದತ್ತನನ್ನು ಪಾಪದವನೆಂದು ಬಿಟ್ಟುಬಿಡುವ ನಿರ್ದೇಶಕರು ಈ ನಾಟಕವನ್ನು ಅರ್ಧವೇ ಓದಿದ್ದಾರೆ.