ಮುಸುರೆಗೆ ಹಳ್ಳವೇ ಗತಿಯೇ?

ಮಲೆನಾಡಿನ ಕೊಟ್ಟಿಗೆಗಳು ಬರಿದಾಗುತ್ತಿವೆ. ಸಗಣಿಯಿಲ್ಲದೆ ಗೋಬರ್ ಗ್ಯಾಸ್ ಗುಂಡಿಗಳು ಪಾಳುಬೀಳುತ್ತಿವೆ. ‘ಹಸುವಿಲ್ಲದ ಮೇಲೆ ಅನಿಲವೆಲ್ಲಿಯದು?’ ಎಂಬ ನಿಟ್ಟುಸಿರು ಹಳ್ಳಿಗಳಲ್ಲಿ ಕೇಳಿಬರುತ್ತಿದೆ. ಅದೇ ಹೊತ್ತಿಗೆ ಹೋಮ್‌ಸ್ಟೇ, ರೆಸಾರ್ಟ್, ಕಲ್ಯಾಣ ಮಂಟಪ, ವಿದ್ಯಾರ್ಥಿ ನಿಲಯಗಳ ಹಿಂಬಾಗಿಲಿನಿಂದ ಹೊರಬೀಳುವ ಅನ್ನ, ಸಾಂಬಾರು, ತರಕಾರಿ ಸಿಪ್ಪೆಗಳು ಘಟ್ಟದ ತಿರುವುಗಳನ್ನೂ ಹಳ್ಳದ ದಡಗಳನ್ನೂ ಸೇರುತ್ತಿವೆ. ಆ ಹಳ್ಳದ ನೀರನ್ನೇ ಕೆಳಗಿನ ಊರಿನವರು ಕುಡಿಯಬೇಕು. ಒಂದೆಡೆ ಇಂಧನದ ಕೊರಗು. ಇನ್ನೊಂದೆಡೆ ಇಂಧನವನ್ನೇ ಕೊಳೆಯಲು ಬಿಡುವ ಅವಿವೇಕ!

ಅನಿಲವನ್ನು ಕೊಡುವುದು ಹಸುವಲ್ಲ. ಗಾಳಿಯಾಡದ ಗುಂಡಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳು. ಒಂದು ಗುಂಪು ಆಹಾರವನ್ನು ಒಡೆದು ಆಮ್ಲವಾಗಿಸುತ್ತದೆ. ಮತ್ತೊಂದು ಗುಂಪು ಅದರಿಂದ ಮೀಥೇನ್ ಉತ್ಪಾದಿಸುತ್ತದೆ. ಸಗಣಿಯೆಂದರೆ ಹಸು ತನಗೆ ಬೇಕಾದ ಸಾರವನ್ನು ಹೀರಿಕೊಂಡು ಬಿಟ್ಟ ಶೇಷ. ಮುಸುರೆಯಲ್ಲಾದರೋ ಆ ಸಾರ ಇನ್ನೂ ಉಳಿದಿರುತ್ತದೆ. ಆದ್ದರಿಂದಲೇ ತೂಕಕ್ಕೆ ತೂಕ ಹೋಲಿಸಿದರೆ ಮುಸುರೆಯೇ ಹೆಚ್ಚು ಅನಿಲ ಕೊಡುತ್ತದೆ. ಇದೇ ತತ್ತ್ವದ ಮೇಲೆ ರೂಪಿಸಿದ ಪುಟ್ಟ ಸ್ಥಾವರಕ್ಕಾಗಿ ಪುಣೆಯ ‘ಆರ್ತಿ’ ಸಂಸ್ಥೆಗೆ 2006ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಸಂದಿತು.

ಹಾಗೆಂದು ಪವಾಡವನ್ನು ಮಾರುವವರ ಮಾತಿಗೆ ಮರುಳಾಗಬೇಕಿಲ್ಲ. ಒಂದು ಕಿಲೋ ಹಸಿ ಮುಸುರೆಯಿಂದ ಸರಿಸುಮಾರು 100 ಲೀಟರ್ ಅನಿಲ ದೊರೆಯುತ್ತದೆ. ಅದರಿಂದ ಒಲೆ ಉರಿಯುವುದು ಕಾಲು ಗಂಟೆಯ ಆಸುಪಾಸು. ನಾಲ್ಕು ಜನರ ಸಂಸಾರಕ್ಕೆ ಅದು ಚಹಾ ಕಾಯಿಸಲು ಸಾಕು, ಊಟ ಬೇಯಿಸಲು ಸಾಲದು. ಹೀಗಿರುವಾಗ ಮನೆಮನೆಗೂ ಡ್ರಮ್ಮು ಹಂಚಿ, ಊರಬಾಗಿಲಲ್ಲಿ ‘ಸಿಲಿಂಡರ್‌ಮುಕ್ತ ಗ್ರಾಮ’ ಎಂಬ ಫಲಕ ನೆಟ್ಟರೆ ಅದು ಆತ್ಮವಂಚನೆ. ಆದರೆ ದಿನಕ್ಕೆ 50 ಕಿಲೋ ಮುಸುರೆ ಹೊರಹಾಕುವ ಅಡುಗೆಮನೆಯ ಲೆಕ್ಕವೇ ಬೇರೆ. ಅಲ್ಲಿ ದೊರೆಯುವುದು ಐದು ಘನ ಮೀಟರ್ ಅನಿಲ. ಎರಡು ಕಿಲೋಗೂ ಮಿಗಿಲಾದ ಎಲ್‌ಪಿಜಿಗೆ ಸಮ. ವಾರಕ್ಕೆ ಹೆಚ್ಚುಕಡಿಮೆ 14.2 ಕಿಲೋದ ಒಂದು ಸಿಲಿಂಡರ್ ಉಳಿಯುತ್ತದೆ. ಮೊದಲ ಹೊಣೆ ಯಾರದೆಂಬುದನ್ನು ಈ ಲೆಕ್ಕವೇ ಹೇಳುವುದಿಲ್ಲವೇ?

‘ನಮ್ಮ ಮಳೆಗೂ ಚಳಿಗೂ ಇದು ಒಗ್ಗದು’ ಎಂಬುದೊಂದು ನೆಪ. ಈ ಜೀವಿಗಳಿಗೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸುಪು ಹಿತವೆಂಬುದೂ ಚಳಿಯಲ್ಲಿ ಅನಿಲ ಇಳಿಯುವುದೂ ನಿಜ. ಅದಕ್ಕೆ ಬಿಸಿಲು ಬೀಳುವ ಜಾಗ, ಮಳೆನೀರು ಒಳನುಗ್ಗದ ಸೂರು, ಒಣಹುಲ್ಲಿನ ಹೊದಿಕೆ ಬೇಕು, ಕೈಬಿಡುವುದು ಪರಿಹಾರವಲ್ಲ. ‘ಗುಂಡಿ ಹುಳಿಯುತ್ತದೆ’ ಎಂಬುದು ಇನ್ನೊಂದು ದೂರು. ಸಗಣಿ ಬಗ್ಗಡದಿಂದ ಆರಂಭಿಸಿ ಮುಸುರೆಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸದೆ, ಮದುವೆಮನೆಯ ಉಳಿಕೆಯನ್ನೆಲ್ಲ ಒಂದೇ ದಿನ ಸುರಿದರೆ ಆಮ್ಲವೇರಿ ಮೀಥೇನ್ ಜೀವಿಗಳು ಸೊರಗುತ್ತವೆ. ಅದು ಅತಿಯಾಗಿ ಉಣಿಸಿದವರ ತಪ್ಪು, ತಂತ್ರಜ್ಞಾನದ್ದಲ್ಲ.

ಯಂತ್ರಕ್ಕಿಂತ ಆರೈಕೆ ದೊಡ್ಡದೆಂಬುದಕ್ಕೆ ನಮ್ಮ ಶಿರಸಿಯೇ ಸಾಕ್ಷಿ. ಅಲ್ಲಿನ ಜೈವಿಕ ಅನಿಲ ಸ್ಥಾವರಗಳ ಯಶಸ್ಸನ್ನು ಕುರಿತು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಅಧ್ಯಯನ ಪ್ರಕಟಿಸಿದರು. ಕಟ್ಟಿದವರೇ ಭರವಸೆ ನೀಡಿ ದುರಸ್ತಿಗೂ ಬರುತ್ತಿದ್ದುದು ಆ ಯಶಸ್ಸಿನ ಗುಟ್ಟುಗಳಲ್ಲೊಂದು. ಆದರೂ ಸರ್ಕಾರಿ ಕಡತಗಳು ಇಂದಿಗೂ ಎಣಿಸುವುದು ಕಟ್ಟಿದ ಗುಂಡಿಗಳನ್ನು, ಉರಿಯುವ ಒಲೆಗಳನ್ನಲ್ಲ!

2016ರ ಘನತ್ಯಾಜ್ಯ ನಿಯಮಗಳು ಹೋಟೆಲುಗಳ ಹಸಿ ತ್ಯಾಜ್ಯವನ್ನು ಸಾಧ್ಯವಾದಷ್ಟೂ ಅವುಗಳ ಆವರಣದಲ್ಲೇ ಗೊಬ್ಬರವಾಗಿ ಇಲ್ಲವೇ ಅನಿಲವಾಗಿ ಪರಿವರ್ತಿಸಬೇಕೆಂದಿದ್ದವು. ಆದರೆ ಅವುಗಳ ಕಣ್ಣು ಮುಖ್ಯವಾಗಿ ಪಟ್ಟಣಗಳ ಮೇಲಿತ್ತು. ಪ್ರವಾಸಿಗಳು ತುಂಬಿತುಳುಕುವ ಹಳ್ಳಿಗಳ ಮೇಲಲ್ಲ. ಕಾಡಂಚಿನಲ್ಲಿ ರಾಶಿಬಿದ್ದ ಮುಸುರೆಯ ಒಡಲಲ್ಲೂ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುವ ಅನಿಲವದು. ಒಲೆಯಲ್ಲಿ ಉರಿಯಬೇಕಾದದ್ದು ಆಕಾಶ ಸೇರುತ್ತಿದೆ.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ: ಮುಸುರೆಗೆ ವ್ಯವಸ್ಥೆಯಿಲ್ಲದ ಹೋಮ್‌ಸ್ಟೇ, ರೆಸಾರ್ಟುಗಳಿಗೆ ಗ್ರಾಮ ಪಂಚಾಯಿತಿ ಒಪ್ಪಿಗೆ ಕೊಡಕೂಡದು. ಸಹಾಯಧನದ ಒಂದು ಪಾಲು ಒಲೆ ವರ್ಷವಿಡೀ ಉರಿದ ಮೇಲೆಯೇ ಸಲ್ಲಬೇಕು. ಹೊರಬರುವ ಬಗ್ಗಡ ತೋಟಕ್ಕೆ ಮರಳಬೇಕು. ವಿದ್ಯಾರ್ಥಿ ಮಿತ್ರರೇ, ಮೊದಲು ನಿಮ್ಮ ನಿಲಯದ ಮುಸುರೆಯನ್ನು ಒಂದು ವಾರ ತೂಗಿ ನೋಡಿ. ಆ ಲೆಕ್ಕವನ್ನು ಹಿಡಿದು ಗ್ರಾಮಸಭೆಗೆ ಬನ್ನಿ. ಹಳ್ಳದ ಪರವಾಗಿ ಮಾತನಾಡಲು ಅಂಕಿಗಳೂ ಬೇಕು, ಎದೆಗಾರಿಕೆಯೂ ಬೇಕು.